ಸರ್ಕಾರಿ ಟ್ರಸ್ಟೀ ಕಚೇರಿಯಲ್ಲಿ ವರ್ಷವಿಡೀ ಏನು ಕೆಲಸ?

ಪ್ರಶ್ನೆ: ನಮ್ಮಣ್ಣ ತೀರಿಕೊಂಡು ನಾಲ್ಕು ವರ್ಷವಾಯಿತು. ಅತ್ತಿಗೆ ಅದಕ್ಕೂ ಮುಂಚೆಯೇ ಹೋಗಿದ್ದರು. ಅವರ ಮಗಳಿಗೆ ಈಗ 11 ವರ್ಷ, ನನ್ನ ಹತ್ತಿರವೇ ಬೆಳೆಯುತ್ತಿದ್ದಾಳೆ. ಅಣ್ಣ ತನ್ನ ಮನೆ ಮತ್ತು ಉಳಿತಾಯವನ್ನು ಸರ್ಕಾರಿ ಟ್ರಸ್ಟೀ ಕೈಗೆ ಒಪ್ಪಿಸಿ, ಮಗಳಿಗೆ 21 ತುಂಬಿದಾಗ ಕೊಡಬೇಕೆಂದು ಉಯಿಲು ಬರೆದಿದ್ದ. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ. ವರ್ಷಕ್ಕೊಮ್ಮೆ ನಾಲ್ಕು ಹಾಳೆಯ ಲೆಕ್ಕ ಬರುತ್ತದೆ. ಅದರಲ್ಲಿ ಕಚೇರಿಯ ಶುಲ್ಕ ಕಳೆದಿರುತ್ತಾರೆ. ದುಡ್ಡು ಬ್ಯಾಂಕಿನಲ್ಲಿ ಸುಮ್ನೆ ಇರುತ್ತದೆ ಅಲ್ವಾ? ವರ್ಷಪೂರ್ತಿ ಇವರು ಮಾಡುವುದಾದರೂ ಏನು? ನಾನು ಅವರನ್ನು ಪ್ರಶ್ನೆ ಕೇಳಬಹುದಾ?

ಉತ್ತರ: ಕೇಳಬಹುದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರಿ ಮುದ್ರೆಯ ಲಕೋಟೆ ಬಂದರೆ ತುಂಬಾ ಜನ ಒಮ್ಮೆ ಓದಿ ಎತ್ತಿಡುತ್ತಾರೆ. ತಿರುಗಿ ಒಂದು ಸಾಲು ಬರೆಯಲೂ ಹಿಂಜರಿಯುತ್ತಾರೆ. ನೀವು ಹಿಂಜರಿಯಬೇಡಿ. ಟ್ರಸ್ಟಿನ ಹಣ ಯಾರಿಗೆ ಸೇರಬೇಕೋ ಅವರಿಗೆ ಲೆಕ್ಕ ಕೇಳುವ ಹಕ್ಕಿದೆ. ಅವರು ಚಿಕ್ಕವರಾಗಿದ್ದರೆ ಅವರ ಪರವಾಗಿ ಪೋಷಕರು ಕೇಳಬಹುದು. ಟ್ರಸ್ಟೀ ಸರ್ಕಾರದ್ದೇ ಆಗಿದ್ದರೂ ಈ ಹಕ್ಕು ಹೋಗುವುದಿಲ್ಲ.

ಇನ್ನು "ಸುಮ್ನೆ ಇರುತ್ತದೆ" ಅಂದಿರಲ್ಲ, ಆ ಮಾತು. ಇಂಥ ಕಚೇರಿಗಳ ಲೆಕ್ಕ ತಪಾಸಣೆಯಲ್ಲೇ ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದಿದ್ದೇನೆ. ಯಾವ ಫೈಲಿನಲ್ಲಿ ದುಡ್ಡು ಸುಮ್ನೆ ಇದೆಯೋ ನಾವು ಮೊದಲು ಬಿಚ್ಚುತ್ತಿದ್ದದ್ದೇ ಆ ಫೈಲನ್ನು. ಯಾಕೆಂದರೆ ಈ ಕಚೇರಿ ನೋಡಿಕೊಳ್ಳುವ ಹಣದ ಒಡೆಯರು ಯಾರು ನೋಡಿ: ತೀರಿಕೊಂಡವರು, ಮಕ್ಕಳು, ನೆನಪು ಕಳೆದುಕೊಂಡ ಹಿರಿಯರು, ಎಲ್ಲಿದ್ದಾರೆಂದೇ ತಿಳಿಯದ ವಾರಸುದಾರರು. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಒಂದು ಸಣ್ಣ ಮೊತ್ತ ಕಡಿಮೆಯಾದರೂ ನೀವು ಅವತ್ತೇ ಫೋನ್ ಮಾಡುತ್ತೀರಿ. ಇಲ್ಲಿ ಫೋನ್ ಮಾಡುವವರೇ ಇಲ್ಲ. ಹಾಗಾಗಿ ಒಡೆಯರ ಪರವಾಗಿ ಪ್ರಶ್ನೆ ಕೇಳುವ ಕೆಲಸವನ್ನೂ ಕಚೇರಿಯೇ ಮಾಡಿಕೊಳ್ಳಬೇಕಾಗುತ್ತದೆ. ವರ್ಷಕ್ಕೆ ಒಮ್ಮೆಯಾದರೂ ಪ್ರತಿಯೊಂದು ಫೈಲು ಒಬ್ಬ ಮನುಷ್ಯನ ಮುಂದೆ ಬಿಚ್ಚಿಕೊಳ್ಳಬೇಕು, ಅವರು ಅದನ್ನು ಪೂರ್ತಿ ಓದಬೇಕು. ಉಳಿದ ಕೆಲಸವೆಲ್ಲ ಇದರ ಸುತ್ತಲೇ ಇದೆ.

ಇಂಥ ಕಚೇರಿ ಯಾಕೆ ಹುಟ್ಟಿತು ಅಂತ ಎರಡು ಮಾತು ಹೇಳಿದರೆ ಮುಂದಿನದು ಸುಲಭವಾಗುತ್ತದೆ. ನ್ಯೂಜಿಲೆಂಡಿನಲ್ಲಿ 1872ರಲ್ಲಿ ಕಾನೂನು ಮಾಡಿ, 1873ರ ಜನವರಿ 1ರಂದು ಸರ್ಕಾರಿ ಟ್ರಸ್ಟ್ ಕಚೇರಿ ತೆರೆದರು. ಅಲ್ಲಿಗೆ ದೂರದಿಂದ ಹೋಗಿ ನೆಲೆಸಿದವರಿಗೆ ನೆಂಟರಿಷ್ಟರು ಹತ್ತಿರ ಇರಲಿಲ್ಲ. ಒಬ್ಬ ಗೆಳೆಯನನ್ನು ನಂಬಿ ಆಸ್ತಿ ಒಪ್ಪಿಸಿದರೆ ಆ ಗೆಳೆಯ ತೀರಿಕೊಳ್ಳಬಹುದು, ದಿವಾಳಿಯಾಗಬಹುದು, ಊರು ಬಿಟ್ಟು ಹೋಗಬಹುದು. ಇಂಗ್ಲೆಂಡಿನಲ್ಲಿ 1906ರ ಕಾನೂನಿನ ಪ್ರಕಾರ 1908ರಲ್ಲಿ ಪಬ್ಲಿಕ್ ಟ್ರಸ್ಟೀ ಕಚೇರಿ ಶುರುವಾಯಿತು. ಭಾರತದಲ್ಲಿ ಇದಕ್ಕೆ ಎರಡು ಕಾನೂನುಗಳಿವೆ. ಟ್ರಸ್ಟುಗಳಿಗೆ 1913ರ ಅಫೀಶಿಯಲ್ ಟ್ರಸ್ಟೀಸ್ ಕಾಯ್ದೆ, ತೀರಿಕೊಂಡವರ ಆಸ್ತಿಗೆ 1963ರ ಅಡ್ಮಿನಿಸ್ಟ್ರೇಟರ್ಸ್ ಜನರಲ್ ಕಾಯ್ದೆ. ಈ ಕಾಯ್ದೆಗಳಲ್ಲಿ ಆಸ್ತಿ ಇರುವುದು ಅಧಿಕಾರಿಯ ಹೆಸರಿನಲ್ಲಲ್ಲ, ಹುದ್ದೆಯ ಹೆಸರಿನಲ್ಲಿ. ಕುರ್ಚಿಯಲ್ಲಿ ಕೂತವರು ಬದಲಾದರೂ ಟ್ರಸ್ಟೀ ಬದಲಾಗುವುದಿಲ್ಲ. ಕಚೇರಿಯ ತಪ್ಪಿನಿಂದ ನಷ್ಟವಾದರೆ ತುಂಬಿಕೊಡುವ ಹೊಣೆ ಸರ್ಕಾರದ ಬೊಕ್ಕಸದ ಮೇಲೆ ಬರುತ್ತದೆ. ನಿಮ್ಮಣ್ಣ ಬಹುಶಃ ಇದನ್ನೆಲ್ಲ ಯೋಚಿಸಿಯೇ ಹಾಗೆ ಬರೆದಿದ್ದಾರೆ. ಹತ್ತು ಹದಿನಾಲ್ಕು ವರ್ಷ ಒಂದು ಮಗುವಿನ ಹಣ ಕಾಯಬೇಕಾದಾಗ ಇದು ಸಣ್ಣ ಮಾತಲ್ಲ.

ಈಗ ವರ್ಷದ ಕೆಲಸಕ್ಕೆ ಬರೋಣ. ಇದರ ಒಂದು ದೊಡ್ಡ ಪಾಲು ಹೊಸ ಸಾವುಗಳದ್ದು. ಅದಕ್ಕೆ ತಿಂಗಳು ತಾರೀಕು ಅಂತ ಇರುವುದಿಲ್ಲ. ಒಂಟಿಯಾಗಿದ್ದ ಒಬ್ಬರು ತೀರಿಕೊಂಡಿದ್ದಾರೆ, ಮನೆಯ ಕೀಲಿ ಆಸ್ಪತ್ರೆಯಲ್ಲಿದೆ ಅಂತ ಕರೆ ಬರುತ್ತದೆ. ಇಬ್ಬರು ಹೊರಡುತ್ತಾರೆ. ಯಾವಾಗಲೂ ಇಬ್ಬರು, ಒಬ್ಬರೇ ಹೋಗುವಂತಿಲ್ಲ. ನಾನು ತಪಾಸಣೆಗೆಂದು ಇಂಥ ಮನೆಗಳಿಗೆ ಅವರ ಜೊತೆ ಕೆಲವು ಸಲ ಹೋಗಿದ್ದೇನೆ. ಒಂದು ಮನೆ ಇನ್ನೂ ಕಣ್ಣ ಮುಂದಿದೆ. ಅಡುಗೆಮನೆಯ ಗೋಡೆಯಲ್ಲಿ ಹಿಂದಿನ ತಿಂಗಳ ಹಾಳೆಯಲ್ಲೇ ನಿಂತ ಕ್ಯಾಲೆಂಡರು. ಮೇಜಿನ ಮೇಲೆ ಕನ್ನಡಕ, ಅದರ ಕೆಳಗೆ ಮಡಿಸಿಟ್ಟ ವಿದ್ಯುತ್ ಬಿಲ್ಲು. ಹಿರಿಯ ಗುಮಾಸ್ತೆ ಒಂದೊಂದೇ ಡ್ರಾಯರು ಎಳೆದು ನೋಡುತ್ತಾ ಹೇಳುತ್ತಿದ್ದರು, ಕಿರಿಯವನು ಬರೆದುಕೊಳ್ಳುತ್ತಿದ್ದ. ಒಂದು ಕೈಗಡಿಯಾರ ಸಿಕ್ಕಿತು. ಅವನು "ಚಿನ್ನದ ಗಡಿಯಾರ" ಅಂತ ಬರೆದ. ಅವರು ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ "ಹಳದಿ ಲೋಹದ ಗಡಿಯಾರ, ನಿಂತಿದೆ, ಪಟ್ಟಿ ಹರಿದಿದೆ" ಅಂತ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದರು. ಚಿನ್ನವೋ ಅಲ್ಲವೋ ಪರೀಕ್ಷೆ ಮಾಡುವವರು ಹೇಳಬೇಕು. ಇವತ್ತು ಚಿನ್ನ ಅಂತ ಬರೆದು ನಾಳೆ ಹಿತ್ತಾಳೆ ಅಂತ ಗೊತ್ತಾದರೆ, ಮಧ್ಯದಲ್ಲಿ ಯಾರೋ ಬದಲಾಯಿಸಿದರು ಅನ್ನುವ ಮಾತು ಬರುತ್ತದೆ. ಪುಸ್ತಕದ ಹಾಳೆಗಳ ನಡುವೆ ಸಿಕ್ಕ ನೋಟುಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದರು. ಎರಡು ಎಣಿಕೆಯೂ ಒಂದೇ ಆದ ಮೇಲೆ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಇಬ್ಬರೂ ಸಹಿ ಮಾಡಿದರು.

ಅವತ್ತು ಅವರು ಹುಡುಕುತ್ತಿದ್ದದ್ದು ಒಡವೆಗಿಂತ ಹೆಚ್ಚಾಗಿ ಕಾಗದ. ಉಯಿಲು ಇದೆಯಾ, ವಿಮೆ ಪತ್ರ ಇದೆಯಾ, ಯಾರಾದರೂ ಬರೆದ ಹಳೆಯ ಪತ್ರ ಇದೆಯಾ. ಒಂದು ಶುಭಾಶಯದ ಕಾರ್ಡಿನ ಹಿಂದೆ ಇರುವ ವಿಳಾಸದಿಂದ ವಾರಸುದಾರರು ಸಿಕ್ಕಿದ ಉದಾಹರಣೆ ಬೇಕಾದಷ್ಟಿವೆ.

ಆಮೇಲಿನದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ದಾರಿ. ಬ್ಯಾಂಕುಗಳಿಗೆ ಪತ್ರ, ಸಾಲ ಕೊಟ್ಟವರಿಗೆ ಪತ್ರಿಕೆಯಲ್ಲಿ ನೋಟೀಸು, ತೀರಿಕೊಂಡವರ ಕೊನೆಯ ತೆರಿಗೆ ಲೆಕ್ಕ, ಆಮೇಲೆ ಸಾಲ ತೀರಿಸುವುದು, ಕೊನೆಗೆ ಹಂಚುವುದು. ಇಂಗ್ಲೆಂಡಿನ 1925ರ ಟ್ರಸ್ಟೀ ಕಾಯ್ದೆಯಲ್ಲಿ ನೋಟೀಸಿಗೆ ಕನಿಷ್ಠ ಎರಡು ತಿಂಗಳು ಗಡುವು ಕೊಡಬೇಕು. ಅದು ಮುಗಿಯುವ ಮುಂಚೆ ಹಂಚಿಬಿಟ್ಟು ಆಮೇಲೆ ಸಾಲ ಕೊಟ್ಟವರು ಬಂದರೆ ಟ್ರಸ್ಟೀ ತನ್ನ ಕೈಯಿಂದಲೇ ಕೊಡಬೇಕಾಗುತ್ತದೆ. ಭಾರತದ 1925ರ ಉತ್ತರಾಧಿಕಾರ ಕಾಯ್ದೆ, ಸಾವಿನಿಂದ ಒಂದು ವರ್ಷ ಕಳೆಯುವ ತನಕ ಉಯಿಲಿನ ಕೊಡುಗೆಗಳನ್ನು ಕೊಡಲೇಬೇಕೆಂದು ಬಲವಂತ ಮಾಡುವುದಿಲ್ಲ. "ವರ್ಷವಾದರೂ ಆಸ್ತಿ ಕೈಗೆ ಬರಲಿಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ. ಆ ಒಂದು ವರ್ಷ ಆಸ್ತಿ ಒಟ್ಟುಗೂಡಿಸುವುದಕ್ಕೆ ಕೊಟ್ಟ ಕಾಲ.

ಆಸ್ತಿ ಸಣ್ಣದಿದ್ದರೆ ಕೋರ್ಟಿನ ತನಕ ಹೋಗದೆ ಮುಗಿಸುವ ದಾರಿಯೂ ಇದೆ. ಭಾರತದಲ್ಲಿ ಬಿಟ್ಟುಹೋದ ಸೊತ್ತು 10 ಲಕ್ಷ ರೂಪಾಯಿ ಮೀರದಿದ್ದರೆ ಅಡ್ಮಿನಿಸ್ಟ್ರೇಟರ್ ಜನರಲ್, ಅಂದರೆ ತೀರಿಕೊಂಡವರ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ, ಒಂದು ಪ್ರಮಾಣಪತ್ರ ಕೊಡಬಹುದು. ಸಿಂಗಪುರದ ಪಬ್ಲಿಕ್ ಟ್ರಸ್ಟೀ ಕೈಗೆತ್ತಿಕೊಳ್ಳುವುದು 50,000 ಸಿಂಗಪುರ ಡಾಲರ್ ಒಳಗಿನ ಆಸ್ತಿಗಳನ್ನು. ದೊಡ್ಡ ಆಸ್ತಿ ಇರುವವರು ವಕೀಲರನ್ನು ಇಟ್ಟುಕೊಳ್ಳುತ್ತಾರೆ. ಇಂಥ ಕಚೇರಿ ಜಾಸ್ತಿ ಬೇಕಾಗುವುದು ಅದಕ್ಕೆ ಶಕ್ತಿ ಇಲ್ಲದವರಿಗೆ.

ವಾರಸುದಾರರನ್ನು ಹುಡುಕುವವರು ಬೇರೆಯೇ ಮೇಜಿನವರು. ವಂಶವೃಕ್ಷ ಬರೆಯುತ್ತಾರೆ, ಜನನ, ಮದುವೆ, ಮರಣದ ದಾಖಲೆ ತರಿಸುತ್ತಾರೆ. ಒಂದು ಕೊಂಬೆ ಬಿಟ್ಟುಹೋದರೆ ತಪ್ಪು ಜನರಿಗೆ ಹಣ ಹೋಗುತ್ತದೆ. ಹೋದದ್ದು ವಾಪಸು ಬರುವುದು ಕಷ್ಟ. ಯಾರೂ ಸಿಗದಿದ್ದರೆ ಆ ಹಣ ಕೊನೆಗೆ ಸರ್ಕಾರಕ್ಕೆ ಸೇರುತ್ತದೆ, ಆದರೆ ಬಾಗಿಲು ತಕ್ಷಣ ಮುಚ್ಚುವುದಿಲ್ಲ. ಇಂಗ್ಲೆಂಡಿನಲ್ಲಿ ಆಸ್ತಿಯ ಲೆಕ್ಕ ಮುಗಿದ ಮೇಲೆ 12 ವರ್ಷದೊಳಗೆ ಬಂದು ಸಂಬಂಧ ತೋರಿಸಿದವರಿಗೆ ಬಡ್ಡಿ ಸಮೇತ ಕೊಡುತ್ತಾರೆ. ಆಮೇಲೂ, ಸಾವಿನಿಂದ 30 ವರ್ಷದ ತನಕ, ಬಡ್ಡಿ ಇಲ್ಲದೆ ಕೊಡುವ ಅವಕಾಶ ಇಟ್ಟುಕೊಂಡಿದ್ದಾರೆ. ಹೀಗಾಗಿ ಪ್ರತಿ ವರ್ಷ ಯಾರೋ ಒಬ್ಬರು ಹಳೆಯ ಫೈಲುಗಳ ಕಪಾಟು ತೆಗೆದು, ಹೊಸ ಸುಳಿವು ಬಂದಿದೆಯಾ ಅಂತ ನೋಡಲೇಬೇಕು.

ಈಗ ನಿಮ್ಮ ಅಣ್ಣನ ಮಗಳ ಫೈಲು. ಅದು ಟ್ರಸ್ಟ್ ವಿಭಾಗದ್ದು. ನಿಮ್ಮ ಕೈಗೆ ಬರುವ ನಾಲ್ಕು ಹಾಳೆಯ ಹಿಂದೆ ವರ್ಷದಲ್ಲಿ ಕನಿಷ್ಠ ಮೂರು ಸಂಗತಿಗಳು ನಡೆದಿರಬೇಕು. ನಡೆದಿವೆಯೋ ಇಲ್ಲವೋ ಅನ್ನುವುದನ್ನೇ ನೀವು ಕೇಳಬೇಕು.

ಮೊದಲನೆಯದು, ಹಣ ಎಲ್ಲಿ ಹೂಡಿದ್ದಾರೋ ಅದನ್ನು ಮತ್ತೆ ನೋಡುವುದು. 1830ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಒಂದು ತೀರ್ಪಿನಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಪಟ್ನಮ್ ಒಂದು ಅಳತೆಗೋಲು ಕೊಟ್ಟರು. ತಿಳಿವಳಿಕೆ ಇರುವ ಮನುಷ್ಯ ತನ್ನ ಸ್ವಂತ ಹಣವನ್ನು ಬಹುಕಾಲಕ್ಕೆ ಇಡುವಾಗ ಹೇಗೆ ಆದಾಯ ಮತ್ತು ಅಸಲಿನ ಭದ್ರತೆ ಎರಡನ್ನೂ ನೋಡುತ್ತಾನೋ, ಟ್ರಸ್ಟೀ ಹಾಗೆ ನೋಡಬೇಕು ಅಂತ. ಇವತ್ತಿಗೂ ಹಲವು ದೇಶಗಳ ಟ್ರಸ್ಟ್ ಕಾನೂನು ಅದರ ಮೇಲೆಯೇ ನಿಂತಿದೆ. ಇಂಗ್ಲೆಂಡಿನ 2000ದ ಟ್ರಸ್ಟೀ ಕಾಯ್ದೆ, ಹೂಡಿಕೆಯನ್ನು ಆಗಾಗ ಪರಿಶೀಲಿಸುವುದು ಟ್ರಸ್ಟೀಯ ಕರ್ತವ್ಯ ಅಂತ ಬರೆದೇ ಇಟ್ಟಿದೆ. 11 ವರ್ಷದ ಹುಡುಗಿಗೆ 21ರ ತನಕ ಇನ್ನೂ ಹತ್ತು ವರ್ಷ ಇದೆ. ಅಷ್ಟು ಕಾಲ ಪೂರ್ತಿ ಹಣ ಕಡಿಮೆ ಬಡ್ಡಿಯ ಖಾತೆಯಲ್ಲಿದ್ದರೆ, ಬೆಲೆ ಏರಿಕೆ ಅದನ್ನು ಒಳಗಿಂದ ತಿನ್ನುತ್ತದೆ. ಸಂಖ್ಯೆ ಕಡಿಮೆಯಾಗಿರುವುದಿಲ್ಲ, ಕೊಳ್ಳುವ ಶಕ್ತಿ ಕಡಿಮೆಯಾಗಿರುತ್ತದೆ. ಆದರೆ ಅವಳಿಗೆ 20 ಆಗಿದ್ದಾಗ ಅದೇ ಹಣ ಷೇರುಗಳಲ್ಲೇ ಇದ್ದರೆ ಅದೂ ತಪ್ಪು. ಮುಂದಿನ ವರ್ಷ ಕೊಡಬೇಕಾದ ಹಣವನ್ನು ಏರಿಳಿತಕ್ಕೆ ಒಡ್ಡಬಾರದು. ಹೀಗೆ ವಯಸ್ಸು ನೋಡಿಕೊಂಡು ವರ್ಷ ವರ್ಷವೂ ಹೂಡಿಕೆ ತಿದ್ದಬೇಕು. ಇದಕ್ಕೇ ಪರಿಶೀಲನೆ ಅನ್ನುವುದು.

ಎರಡನೆಯದು ಮನೆ. ಬಾಡಿಗೆ ಸರಿಯಾಗಿ ಬರುತ್ತಿದೆಯಾ, ಕರಾರು ಯಾವಾಗ ಮುಗಿಯುತ್ತದೆ, ತೆರಿಗೆ ಕಟ್ಟಿದ್ದಾರಾ, ವಿಮೆ ಚಾಲ್ತಿಯಲ್ಲಿದೆಯಾ, ಮನೆಯನ್ನು ಕಣ್ಣಾರೆ ನೋಡಿದವರು ಯಾರು, ಯಾವತ್ತು. ವಿಮೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ತಪಾಸಣೆ ಮಾಡಿದ ಒಂದು ಕಚೇರಿಯಲ್ಲಿ ಒಂದು ಮಗುವಿನ ಟ್ರಸ್ಟಿಗೆ ಸೇರಿದ ಮನೆಯಿಂದ ಬಾಡಿಗೆದಾರರು ಖಾಲಿ ಮಾಡಿದರು. ಹೊಸಬರು ಬರುವುದು ತಡವಾಯಿತು. ವಿಮೆ ಕಂತು ಕಟ್ಟಿತ್ತು, ರಸೀದಿ ಫೈಲಿನಲ್ಲಿತ್ತು. ಎಲ್ಲ ಸರಿ ಇದೆ ಅಂತ ಟಿಕ್ ಹಾಕಿದ್ದರು. ಆದರೆ ಕೆಲವು ವಿಮೆಗಳಲ್ಲಿ ಮನೆ ಇಂತಿಷ್ಟು ದಿನಕ್ಕಿಂತ ಹೆಚ್ಚು ಖಾಲಿ ಬಿದ್ದರೆ ನೀರು ಸೋರಿಕೆಯ ನಷ್ಟ ಕೊಡುವುದಿಲ್ಲ ಅನ್ನುವ ಷರತ್ತು ಇರುತ್ತದೆ. ಅದನ್ನು ಯಾರೂ ಓದಿರಲಿಲ್ಲ. ಪೈಪು ಒಡೆದು ನೆಲವೆಲ್ಲ ಹಾಳಾಯಿತು, ವಿಮೆಯವರು ಕೈ ಎತ್ತಿದರು. ದುರಸ್ತಿ ಖರ್ಚನ್ನು ಮೊದಲು ಮಗುವಿನ ಖಾತೆಗೇ ಬರೆದಿದ್ದರು. ತಪಾಸಣೆಯಲ್ಲಿ ಅದನ್ನು ಎತ್ತಿ ತೋರಿಸಿದೆವು. ತಪ್ಪು ಕಚೇರಿಯದ್ದು, ಮಗುವಿನದಲ್ಲ ಅಂತ ಬರೆದೆವು. ಕೆಲವು ತಿಂಗಳ ಪತ್ರ ವ್ಯವಹಾರದ ನಂತರ ಪೂರ್ತಿ ಮೊತ್ತ, ಬಡ್ಡಿ ಸೇರಿಸಿ, ಮಗುವಿನ ಖಾತೆಗೆ ವಾಪಸು ಜಮೆಯಾಯಿತು. ಆ ಜಮಾ ಸಾಲನ್ನು ಲೆಡ್ಜರಿನಲ್ಲಿ ಕಂಡ ದಿನ ನನಗಾದ ಸಮಾಧಾನ ಇಂದಿಗೂ ನೆನಪಿದೆ.

ಮೂರನೆಯದು ಮಗು. ಇದೇ ತುಂಬಾ ಸಲ ಬಿಟ್ಟುಹೋಗುವುದು, ಅದಕ್ಕೇ ನನಗೆ ಇದರ ಬಗ್ಗೆ ಜಾಸ್ತಿ ಕಾಳಜಿ. ಉಯಿಲಿನಲ್ಲಿ 21ಕ್ಕೆ ಕೊಡಬೇಕು ಅಂತ ಇದ್ದರೂ, ಅಲ್ಲಿಯ ತನಕ ಒಂದು ಕಾಸೂ ಮುಟ್ಟಬಾರದು ಅಂತ ಅರ್ಥವಲ್ಲ. ಉಯಿಲು ಬೇಡ ಅಂತ ಹೇಳಿರದಿದ್ದರೆ, ಓದು, ಆರೋಗ್ಯ, ಪೋಷಣೆಗೆ ಆದಾಯದಿಂದ ಖರ್ಚು ಮಾಡುವ ಅಧಿಕಾರ ಟ್ರಸ್ಟೀಗೆ ಸಾಮಾನ್ಯವಾಗಿ ಕಾನೂನಿನಿಂದಲೇ ಬರುತ್ತದೆ. ಕೆಲವು ಕಡೆ ಅಸಲಿನ ಒಂದು ಭಾಗವನ್ನೂ ಮುಂಚೆಯೇ ಕೊಡಬಹುದು. ಒಮ್ಮೆ ಒಂದು ಫೈಲು ನೋಡುತ್ತಿದ್ದೆ. ಎರಡು ವರ್ಷದಿಂದ ಖರ್ಚಿನ ಕಡೆ ಕಚೇರಿಯ ಶುಲ್ಕ ಮತ್ತು ತೆರಿಗೆ ಬಿಟ್ಟರೆ ಒಂದೇ ಒಂದು ಸಾಲಿಲ್ಲ. ಅಂಕಿಗಳು ಅಚ್ಚುಕಟ್ಟಾಗಿದ್ದವು, ಒಂದು ಪೈಸೆ ವ್ಯತ್ಯಾಸವಿಲ್ಲ. ಫೈಲು ನೋಡಿಕೊಳ್ಳುತ್ತಿದ್ದ ಹೊಸ ಗುಮಾಸ್ತೆಗೆ ಅದೇ ಸರಿ ಕಾಣಲಿಲ್ಲ. "ಬೆಳೆಯೋ ಹುಡುಗ, ಎರಡು ವರ್ಷದಲ್ಲಿ ಏನೂ ಬೇಕಾಗಿಲ್ವಾ?" ಅಂತ ಪೋಷಕರಿಗೆ ಫೋನ್ ಮಾಡಿದರು. ಅಜ್ಜಿ ಎತ್ತಿಕೊಂಡರು. ಹುಡುಗನ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಬೇಕು ಅಂದಿದ್ದರಂತೆ, ದುಡ್ಡು ಹೊಂದಿಸಲು ಆಗದೆ ಮುಂದಕ್ಕೆ ಹಾಕುತ್ತಾ ಬಂದಿದ್ದರು. ಅವನದೇ ಹಣ ಅವನ ಹೆಸರಲ್ಲಿ ಇತ್ತು. ಕೇಳಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆ ವಾರವೇ ಹಣ ಹೋಯಿತು. ಲೆಕ್ಕ ತಾಳೆಯಾಗುವುದೇ ಕೆಲಸ ಅಂದುಕೊಂಡಿದ್ದರೆ ಆ ಫೈಲು ವರ್ಷ ವರ್ಷವೂ ಒಳ್ಳೆಯ ಅಂಕ ಪಡೆದು ಪಾಸಾಗುತ್ತಿತ್ತು.

ಹಾಗಾಗಿ ನಿಮ್ಮ ಹುಡುಗಿಗೆ ಶಾಲೆಯ ಶುಲ್ಕ, ಹಲ್ಲಿನ ಚಿಕಿತ್ಸೆ, ಕಲಿಕೆಗೆ ಬೇಕಾದ ಸಾಮಾನು ಯಾವುದಕ್ಕೇ ಆಗಲಿ ಹಣ ಬೇಕಿದ್ದರೆ ಬರೆದು ಕೇಳಿ. ಬಿಲ್ಲು ಅಥವಾ ಅಂದಾಜು ಪಟ್ಟಿ ಜೊತೆಗಿಡಿ. ಕಚೇರಿ ಇಲ್ಲ ಅಂದರೆ ಯಾಕೆ ಅಂತ ಕಾರಣ ಬರೆದು ಕೊಡಲು ಹೇಳಿ.

ಎಲ್ಲ ಟ್ರಸ್ಟುಗಳೂ ನಿಮ್ಮದರಷ್ಟು ಸರಳವಾಗಿರುವುದಿಲ್ಲ. ಹೆಂಡತಿ ಬದುಕಿರುವ ತನಕ ಬಾಡಿಗೆ ಅವಳಿಗೆ, ಆಮೇಲೆ ಮನೆ ಮಕ್ಕಳಿಗೆ ಅಂತ ಬರೆದಿರುತ್ತಾರೆ. ಈಗ ಛಾವಣಿ ಸೋರುತ್ತಿದೆ. ದುರಸ್ತಿ ಖರ್ಚು ಯಾರ ಪಾಲಿನಿಂದ? ಸಣ್ಣಪುಟ್ಟ ರಿಪೇರಿ ಬಾಡಿಗೆಯಿಂದ ಹೋಗಬೇಕು, ಇಡೀ ಛಾವಣಿ ಬದಲಾಯಿಸುವುದಾದರೆ ಅಸಲಿನಿಂದ ಹೋಗಬೇಕು ಅನ್ನುವುದು ಸಾಮಾನ್ಯ ಪದ್ಧತಿ. ಇವೆರಡರ ನಡುವಿನ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲೇ ಜಗಳ. ಎಲ್ಲವನ್ನೂ ಬಾಡಿಗೆಯಿಂದ ಕಳೆದರೆ ತಾಯಿ ಕೈ ಬರಿದು, ಎಲ್ಲವನ್ನೂ ಅಸಲಿಗೆ ಹಾಕಿದರೆ ಮಕ್ಕಳ ಪಾಲು ಕರಗುತ್ತದೆ. ಟ್ರಸ್ಟೀ ಇಬ್ಬರಿಗೂ ಸಮನಾಗಿ ನಿಲ್ಲಬೇಕು. ಒಬ್ಬ ಒಳ್ಳೆಯ ಟ್ರಸ್ಟ್ ಅಧಿಕಾರಿಯ ಬೆಲೆ ಗೊತ್ತಾಗುವುದು ಇಂಥ ಕಡೆಯೇ. ಕೆಲವು ಕೆಲಸಗಳನ್ನು ಕಚೇರಿ ಮೊದಲೇ ಒಪ್ಪಿಕೊಳ್ಳುವುದಿಲ್ಲ. ಭಾರತದ 1913ರ ಕಾಯ್ದೆಯ ಪ್ರಕಾರ ಧಾರ್ಮಿಕ ಉದ್ದೇಶದ ಟ್ರಸ್ಟು, ವ್ಯಾಪಾರ ನಡೆಸಬೇಕಾದ ಟ್ರಸ್ಟು ಇವನ್ನು ನಿಯಮಗಳಲ್ಲಿ ವಿಶೇಷ ಅವಕಾಶ ಇಲ್ಲದಿದ್ದರೆ ಅಫೀಶಿಯಲ್ ಟ್ರಸ್ಟೀ ತೆಗೆದುಕೊಳ್ಳುವಂತಿಲ್ಲ.

ಕೆಲವು ದೇಶಗಳಲ್ಲಿ ಇದೇ ಕಚೇರಿ, ಬದುಕಿದ್ದೂ ತಮ್ಮ ಹಣ ತಾವು ನೋಡಿಕೊಳ್ಳಲಾಗದವರ ವ್ಯವಹಾರವನ್ನೂ ನೋಡುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಲ್ಲಿ 2009ರಲ್ಲಿ ಎರಡು ಕಚೇರಿಗಳನ್ನು ಸೇರಿಸಿ ಹೀಗೆ ಒಂದು ಮಾಡಿದರು. ಅಲ್ಲಿ ಸಿಬ್ಬಂದಿ ತಿಂಗಳು ತಿಂಗಳು ಬಾಡಿಗೆ, ಔಷಧಿ, ಕೈಖರ್ಚು ಕೊಡುತ್ತಾರೆ. ಅದರದೇ ಒಂದು ದೊಡ್ಡ ಕಥೆ. ನಿಮ್ಮ ಪ್ರಶ್ನೆಗೆ ಅದು ಬೇಕಿಲ್ಲ.

ವರ್ಷದ ಕೊನೆಯ ಲೆಕ್ಕಕ್ಕೆ ಬರುತ್ತೇನೆ. ಭಾರತ ಮತ್ತು ಬ್ರಿಟನ್ನಿನಲ್ಲಿ ಸರ್ಕಾರಿ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಜೂನ್ 30ಕ್ಕೆ. ಆದರೆ ತಾಳೆ ನೋಡುವ ಕೆಲಸ ದಿನವೂ ನಡೆದಿರಬೇಕು. ಸಾವಿರಾರು ಜನರ ಹಣ ಒಂದೇ ದೊಡ್ಡ ಬ್ಯಾಂಕ್ ಖಾತೆಯಲ್ಲೋ ಒಂದೇ ಕೂಡು ನಿಧಿಯಲ್ಲೋ ಇರುತ್ತದೆ. ಬ್ಯಾಂಕಿನ ಹೇಳಿಕೆ ಏನು ಹೇಳುತ್ತದೆ, ಕಚೇರಿಯ ನಗದು ಪುಸ್ತಕ ಏನು ಹೇಳುತ್ತದೆ, ಒಬ್ಬೊಬ್ಬರ ಹೆಸರಿನ ಲೆಡ್ಜರುಗಳನ್ನು ಕೂಡಿದರೆ ಎಷ್ಟು ಬರುತ್ತದೆ. ಈ ಮೂರೂ ಒಂದೇ ಸಂಖ್ಯೆಗೆ ಬಂದು ನಿಲ್ಲಬೇಕು. ಬರದಿದ್ದರೆ ಮನೆಗೆ ಹೋಗುವ ಮುಂಚೆ ಯಾಕೆ ಅಂತ ಹುಡುಕಬೇಕು. ಒಬ್ಬರ ಬಾಡಿಗೆ ಇನ್ನೊಬ್ಬರ ಖಾತೆಗೆ ಜಮೆಯಾದರೆ ಬ್ಯಾಂಕಿನ ಮೊತ್ತ ಸರಿಯಾಗಿಯೇ ಇರುತ್ತದೆ. ಆ ತಪ್ಪು ಹೊರಬರುವುದು ಯಾರಾದರೂ ಫೈಲನ್ನು ಓದಿದಾಗ ಮಾತ್ರ.

ಆಡಿಟ್ ನಡೆಯುವುದು ವರ್ಷಕ್ಕೆ ಒಮ್ಮೆಯಾದರೂ. ಭಾರತದ ಎರಡೂ ಕಾಯ್ದೆಗಳು ಅದನ್ನು ಕಡ್ಡಾಯ ಮಾಡಿವೆ. ನಾವು ಎಲ್ಲ ಫೈಲನ್ನೂ ನೋಡಲಾರೆವು, ಆಯ್ದು ನೋಡುತ್ತೇವೆ. ಹೇಗೆ ಆಯುತ್ತೇವೆ ಅಂದರೆ, ಬಹಳ ದಿನ ಅಲುಗಾಡದ ಖಾತೆಗಳು ಮೊದಲು. ವಿಳಾಸ ಅಥವಾ ಬ್ಯಾಂಕ್ ವಿವರ ಬದಲಾದ ಕೆಲವೇ ದಿನಕ್ಕೆ ದೊಡ್ಡ ಪಾವತಿ ಹೋಗಿದ್ದರೆ ಅದು. ಒಂದೇ ಗುತ್ತಿಗೆದಾರರಿಗೆ ಬೇರೆ ಬೇರೆ ಟ್ರಸ್ಟುಗಳಿಂದ ಒಂದೇ ಮೊತ್ತದ ಬಿಲ್ಲು ಹೋಗಿದ್ದರೆ ಅದು. ವರ್ಷವಿಡೀ ಒಂದು ದಿನವೂ ರಜೆ ಹಾಕದ ಸಿಬ್ಬಂದಿಯ ಮೇಜು ಕೂಡ. ಇದು ಕೇಳಲು ಒರಟು ಅನ್ನಿಸಬಹುದು. ಬಹುಪಾಲು ಜನ ಕೆಲಸದ ಮೇಲಿನ ಪ್ರೀತಿಯಿಂದಲೇ ಹಾಗಿರುತ್ತಾರೆ. ಆದರೂ ಒಂದು ವಾರ ಇನ್ನೊಬ್ಬರು ಆ ಮೇಜಿನಲ್ಲಿ ಕೂತರೆ ಮುಚ್ಚಿಟ್ಟದ್ದೇನಾದರೂ ಇದ್ದರೆ ಮೇಲೆ ಬರುತ್ತದೆ. ಬೀರುವಿನ ಲಕೋಟೆಗಳನ್ನೂ ಎಣಿಸುತ್ತೇವೆ. ಆ ಹಳದಿ ಲೋಹದ ಗಡಿಯಾರ ಅವತ್ತು ಬರೆದಿಟ್ಟ ಹಾಗೆಯೇ, ಹರಿದ ಪಟ್ಟಿಯ ಸಮೇತ, ಅಲ್ಲಿ ಇರಬೇಕು.

ಶುಲ್ಕದ ಬಗ್ಗೆ ನಿಮಗೆ ಬೇಸರವಿದೆ, ಅದು ನನಗೆ ಅರ್ಥವಾಗುತ್ತದೆ. ಸಾಮಾನ್ಯವಾಗಿ ಅಸಲಿನ ಮೇಲೆ ನೂರಕ್ಕೆ ಇಷ್ಟು, ವಸೂಲಾದ ಆದಾಯದ ಮೇಲೆ ಇಷ್ಟು, ಮನೆ ಮಾರಾಟ ಅಥವಾ ತೆರಿಗೆ ಕೆಲಸಕ್ಕೆ ಬೇರೆ, ಹೀಗೆ ಇರುತ್ತದೆ. ದರಪಟ್ಟಿಯನ್ನು ಕೇಳಿದರೆ ಕೊಡಬೇಕು. ತೀರಾ ಸಣ್ಣ ಆಸ್ತಿಗಳಲ್ಲಿ ಬರುವ ಶುಲ್ಕ ಕೆಲಸದ ಖರ್ಚಿಗೂ ಸಾಲದು. ಅದನ್ನು ಬೇರೆಯವರ ಶುಲ್ಕದಿಂದ ತುಂಬಿಸುವುದೋ, ಸರ್ಕಾರವೇ ಕೊಡುವುದೋ ಅನ್ನುವುದು ಎಲ್ಲ ಕಡೆ ಚರ್ಚೆಯ ವಿಷಯ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ಸೇವೆಗೆ ಸರ್ಕಾರ ಕರಾರು ಮಾಡಿಕೊಂಡು ಹಣ ಕೊಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಅದೇ ಸರಿಯಾದ ದಾರಿ. ಒಂದು ಅನಾಥ ಮಗುವಿನ ಹಣದಿಂದ ಇನ್ನೊಬ್ಬರ ಖರ್ಚು ತುಂಬಿಸುವುದು ಸರಿಯಲ್ಲ.

ಈಗ ನಿಮ್ಮ ನಾಲ್ಕು ಹಾಳೆಯನ್ನು ಮುಂದಿಟ್ಟುಕೊಳ್ಳಿ. ಹಿಂದಿನ ವರ್ಷದ ಲೆಕ್ಕವನ್ನೂ ಪಕ್ಕದಲ್ಲಿಡಿ. ಹೋದ ವರ್ಷದ ಕೊನೆಯ ಬಾಕಿ ಈ ವರ್ಷದ ಮೊದಲ ಸಾಲಿನಲ್ಲಿ ಇದೆಯಾ, ಮೊದಲು ಅದನ್ನು ನೋಡಿ. ಬಾಡಿಗೆ ಹನ್ನೆರಡು ತಿಂಗಳದ್ದೂ ಜಮೆಯಾಗಿದೆಯಾ ಎಣಿಸಿ. ಹನ್ನೊಂದೇ ಇದ್ದರೆ ಒಂದು ತಿಂಗಳು ಮನೆ ಖಾಲಿ ಇತ್ತಾ, ಬಾಕಿ ಉಳಿದಿದೆಯಾ ಕೇಳಿ. ಆದಾಯ ಮತ್ತು ಅಸಲು ಬೇರೆ ಬೇರೆಯಾಗಿ ತೋರಿಸಿದ್ದಾರಾ ನೋಡಿ. ಶುಲ್ಕವನ್ನು ದರಪಟ್ಟಿಗೆ ಹಚ್ಚಿ ನೀವೇ ಒಂದು ಸಲ ಲೆಕ್ಕ ಹಾಕಿ. "ಇತರೆ" ಅಂತ ಒಂದು ಸಾಲಿದ್ದು ಮೊತ್ತ ದೊಡ್ಡದಿದ್ದರೆ ವಿವರ ಕೇಳಿ. ಆಮೇಲೆ ಒಂದೇ ಪತ್ರದಲ್ಲಿ ಬರೆಯಿರಿ: ಹೂಡಿಕೆಯನ್ನು ಕೊನೆಯ ಸಲ ಪರಿಶೀಲಿಸಿದ್ದು ಯಾವತ್ತು, ಮನೆಯನ್ನು ಹೋಗಿ ನೋಡಿದ್ದು ಯಾವತ್ತು, ವಿಮೆಯ ಪ್ರತಿ ಕಳಿಸಿ, ಮಗುವಿನ ಓದಿಗೆ ಹಣ ಕೇಳಲು ಅರ್ಜಿ ನಮೂನೆ ಕಳಿಸಿ. ಫೈಲಿನ ಸಂಖ್ಯೆ ಹಾಕುವುದು ಮರೆಯಬೇಡಿ. ಉತ್ತರ ತಡವಾದರೆ ಅದೇ ಸಂಖ್ಯೆ ಹಾಕಿ ನೆನಪೋಲೆ ಬರೆಯಿರಿ. ಆಗಲೂ ಬರದಿದ್ದರೆ ಮೇಲಧಿಕಾರಿಗೆ ಬರೆಯಿರಿ. ಟ್ರಸ್ಟುಗಳ ಮೇಲೆ ಕೊನೆಯ ಉಸ್ತುವಾರಿ ಕೋರ್ಟಿನದೇ, ಅದೂ ನೆನಪಿರಲಿ.

ಇನ್ನೊಂದು ಮಾತು. ಅವಳಿಗೆ 21 ಹತ್ತಿರವಾದಾಗ ಕಚೇರಿ ಗುರುತಿನ ಪತ್ರ ಕೇಳಿ, ಕೊನೆಯ ಲೆಕ್ಕ ಕಳಿಸಿ, ಮನೆಯನ್ನು ಅವಳ ಹೆಸರಿಗೆ ಮಾಡಿಕೊಡುತ್ತದೆ. ಆ ಪತ್ರ ಹೋಗುವುದು ಫೈಲಿನಲ್ಲಿರುವ ವಿಳಾಸಕ್ಕೆ. ಹತ್ತು ವರ್ಷದಲ್ಲಿ ಮನೆ ಬದಲಾಗಬಹುದು, ಫೋನ್ ನಂಬರು ಬದಲಾಗಬಹುದು. ಬದಲಾದ ವಾರವೇ ಬರೆದು ತಿಳಿಸಿ, ಸ್ವೀಕೃತಿ ಪಡೆದು ಈ ನಾಲ್ಕು ಹಾಳೆಗಳ ಜೊತೆ ಇಟ್ಟುಕೊಳ್ಳಿ.